ದೊಡ್ಡ ಗುರಿ, ತಾಳುವ ಆಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ತಿಯಲ್ಲಿ ಹಣ ಹೂಡಿ ಮೇಲೆ ಬರಬೇಕೆನ್ನುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರಗಳ ಹಿಂದೆ ಒಂದು ನಂಬಿಕೆ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕಂಡಂತೆ, ಆಸ್ತಿಯಲ್ಲಿ ಕೈಸುಟ್ಟುಕೊಂಡವರಲ್ಲಿ ಬಹಳ ಮಂದಿ ಕೊಂಡದ್ದು ಕೆಟ್ಟ ಆಸ್ತಿಯನ್ನಲ್ಲ. ಒಳ್ಳೆಯದನ್ನೇ ಕೊಂಡು, ಹೊತ್ತಲ್ಲದ ಹೊತ್ತಿನಲ್ಲಿ ಮಾರಲೇಬೇಕಾಗಿ ಬಂದವರು ಅವರು. ಅಂಥ ಸ್ಥಿತಿ ಬಾರದಂತೆ ನೋಡಿಕೊಳ್ಳುವುದಕ್ಕೇ ಗುರಿ ಬೇಕು, ಲೆಕ್ಕವೂ ಬೇಕು.

ಗುರಿ ದೊಡ್ಡದಿರಬೇಕು ಅನ್ನುತ್ತಾರೆ. ಅದರಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ?

ಆಗುತ್ತದೆ. ಆದರೆ ಕನಸು ಕಂಡ ಮಾತ್ರಕ್ಕಲ್ಲ. ಕಷ್ಟದ್ದೂ ಖಚಿತವೂ ಆದ ಗುರಿ ಇಟ್ಟುಕೊಂಡವರು "ಕೈಲಾದಷ್ಟು ಮಾಡುತ್ತೇನೆ" ಎನ್ನುವವರಿಗಿಂತ ಹೆಚ್ಚು ಸಾಧಿಸುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಲ್ಲೇ ವಾದಿಸಿದ್ದರು. ಅವರ ಜೊತೆ ಮುಂದೆ ಕೆಲಸ ಮಾಡಿದ ಗ್ಯಾರಿ ಲೇಥಮ್ 1970ರ ದಶಕದಲ್ಲಿ ಇದನ್ನು ಮರದ ದಿಮ್ಮಿ ಸಾಗಿಸುವ ಲಾರಿ ಚಾಲಕರ ನಡುವೆ ಪರೀಕ್ಷಿಸಿದರು. ಕಾನೂನು ಒಪ್ಪುವ ತೂಕದ ಸುಮಾರು ಶೇ 60ರಷ್ಟನ್ನು ಮಾತ್ರ ಹೇರುತ್ತಿದ್ದ ಚಾಲಕರಿಗೆ ಶೇ 94 ಎಂಬ ಗುರಿ ಕೊಟ್ಟರು. ಕೂಲಿ ಹೆಚ್ಚಿಸಲಿಲ್ಲ, ಬಹುಮಾನ ಇಡಲಿಲ್ಲ. ಕೆಲವು ತಿಂಗಳಲ್ಲಿ ಅವರು ಶೇ 90 ದಾಟಿದರು. ಲಾರಿ ಅದೇ, ಚಾಲಕರೂ ಅವರೇ. ಹೊಸದಾಗಿ ಬಂದದ್ದು ಒಂದು ಅಂಕಿ ಮಾತ್ರ.

"ಜೀವನದಲ್ಲಿ ಚೆನ್ನಾಗಿ ದುಡ್ಡು ಮಾಡಬೇಕು" ಅನ್ನುವುದು "ಕೈಲಾದಷ್ಟು" ಅನ್ನುವ ಜಾತಿಯ ಮಾತು. "ಐವತ್ತು ತುಂಬುವಷ್ಟರಲ್ಲಿ ಮನೆಯ ಖರ್ಚಿನ ಅರ್ಧ ಬಾಡಿಗೆಯಿಂದ ಬರಬೇಕು" ಅನ್ನುವುದು ಗುರಿ. ಅದನ್ನು ಅಳೆಯಬಹುದು, ಎಷ್ಟು ದೂರ ಬಂದೆವು ಎಂದು ಪ್ರತಿ ವರ್ಷ ನೋಡಬಹುದು.

ಹಾಗಾದರೆ ಗುರಿಯ ಮೊತ್ತವನ್ನು ಹೇಗೆ ಗೊತ್ತುಮಾಡುವುದು?

ಆಸ್ತಿಯ ಬೆಲೆಯಿಂದ ಶುರು ಮಾಡಬೇಡಿ, ನಿಮ್ಮ ತಿಂಗಳ ಖರ್ಚಿನಿಂದ ಶುರು ಮಾಡಿ. ಎಲ್ಲ ಖರ್ಚು ಕಳೆದು ಆಸ್ತಿಯಿಂದ ವರ್ಷಕ್ಕೆ ಶೇ 4 ಉಳಿದರೆ, ಆ ಆದಾಯದಲ್ಲೇ ಬದುಕಲು ತಿಂಗಳ ಖರ್ಚಿನ 300 ಪಟ್ಟು ಬೆಲೆಯ ಸಾಲವಿಲ್ಲದ ಆಸ್ತಿ ಬೇಕು. ಶೇ 3 ಮಾತ್ರ ಉಳಿದರೆ 400 ಪಟ್ಟು. ಅಂಕಿ ನೋಡಿ ಎದೆ ಧಸಕ್ಕೆನ್ನಬಹುದು. ಎಲ್ಲರೂ ಅಲ್ಲಿಯವರೆಗೆ ಹೋಗಬೇಕಿಲ್ಲ. ಖರ್ಚಿನ ಕಾಲು ಭಾಗ ಬಾಡಿಗೆಯಿಂದ ಬಂದರೂ, ಮನಸ್ಸಿಗೆ ಒಗ್ಗದ ಕೆಲಸ ಬಿಟ್ಟು ಬೇರೆಯದನ್ನು ಹುಡುಕುವ ಧೈರ್ಯ ಬರುತ್ತದೆ.

ಇನ್ನೊಂದು ಮಾತಿದೆ. ಈ ಹಣ ಯಾವುದಕ್ಕೆ ಅನ್ನುವುದನ್ನೂ ಮೊತ್ತದ ಪಕ್ಕದಲ್ಲೇ ಬರೆದಿಡಿ. ತಂದೆ ತಾಯಿಯ ಚಿಕಿತ್ಸೆಗೋ, ಮಗಳ ಓದಿಗೋ, ನೀವೇ ಐದು ವರ್ಷ ಬೇಗ ನಿವೃತ್ತರಾಗಿ ಮಕ್ಕಳಿಗೆ ಪಾಠ ಹೇಳುವುದಕ್ಕೋ. ಅಕ್ಕಪಕ್ಕದವರು ಮೂರನೆಯ ಮನೆ ಕೊಂಡ ಸುದ್ದಿ ಬಂದಾಗ ನಿಮ್ಮನ್ನು ಕಾಯುವುದು ಈ ಸಾಲು. ಇನ್ನೊಬ್ಬರಿಗಿಂತ ಹೆಚ್ಚಾಗಬೇಕು ಅನ್ನುವ ಗುರಿಗೆ ಮುಕ್ತಾಯವೇ ಇರುವುದಿಲ್ಲ, ಹಾಗಾಗಿ ಅದು ಸಾಲದ ಮೇಲೆ ಸಾಲ ಮಾಡಿಸುತ್ತದೆ.

ಗುರಿ ಬರೆದೆ. ಮೂರು ತಿಂಗಳಲ್ಲಿ ಮರೆತೂ ಹೋಯಿತು. ಏನು ಮಾಡಲಿ?

ಗುರಿಯ ಜೊತೆ "ಹೀಗಾದರೆ ಹೀಗೆ ಮಾಡುತ್ತೇನೆ" ಎಂಬ ಸಾಲನ್ನು ಸೇರಿಸಿ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ 1990ರ ದಶಕದಿಂದ ಅಧ್ಯಯನ ಮಾಡುತ್ತ ಬಂದದ್ದು ಇದನ್ನೇ. ಯಾವ ಹೊತ್ತಿನಲ್ಲಿ ಏನು ಮಾಡುವುದು ಎಂದು ಮೊದಲೇ ಗೊತ್ತುಮಾಡಿಕೊಂಡವರು ಬರೀ ಸಂಕಲ್ಪ ಮಾಡಿದವರಿಗಿಂತ ಚೆನ್ನಾಗಿ ನಡೆಸಿಕೊಂಡು ಹೋಗುತ್ತಾರೆ. "ಸಂಬಳ ಬಂದ ದಿನವೇ ಐದನೇ ಒಂದು ಭಾಗ ಬೇರೆ ಖಾತೆಗೆ ಹೋಗುತ್ತದೆ." "ಸಂಬಳ ಏರಿದರೆ, ಏರಿದ್ದರ ಅರ್ಧ ಅದೇ ಖಾತೆಗೆ." ಬ್ಯಾಂಕಿಗೆ ಒಮ್ಮೆ ಸೂಚನೆ ಕೊಟ್ಟರೆ ಸಾಕು, ತಿಂಗಳು ತಿಂಗಳು ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವ ಕಷ್ಟವಿಲ್ಲ.

ನನ್ನ ಸಂಬಳ ಕಡಿಮೆ. ಆಸ್ತಿಯ ಮಾತು ನನಗೇಕೆ?

ಇಂದೇ ಕೊಳ್ಳಬೇಡಿ, ಇಂದೇ ತಯಾರಾಗಿ. ಮೊದಲು ಕ್ರೆಡಿಟ್ ಕಾರ್ಡ್, ಕೈಸಾಲದಂಥ ದುಬಾರಿ ಬಡ್ಡಿಯದ್ದೆಲ್ಲ ತೀರಲಿ. ಶೇ 30ರ ಬಡ್ಡಿ ಕಟ್ಟುತ್ತ ಶೇ 4 ಕೊಡುವ ಆಸ್ತಿ ಹುಡುಕುವುದರಲ್ಲಿ ಅರ್ಥವಿಲ್ಲ. ಆಮೇಲೆ ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಇರಲಿ. ಅದಾದ ಮೇಲೆ ಮುಂಗಡದ ಹಣ ಕೂಡಿಡಲು ಶುರು ಮಾಡಿ.

ಕೂಡಿಟ್ಟ ಹಣ ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಎಂದು ತಿಳಿಯಲು 72ನ್ನು ಬಡ್ಡಿಯ ದರದಿಂದ ಭಾಗಿಸಿ. ಶೇ 6ಕ್ಕೆ 12 ವರ್ಷ, ಶೇ 8ಕ್ಕೆ 9 ವರ್ಷ. ಇದೇ ಲೆಕ್ಕ ಉಲ್ಟಾ ಕೂಡ ಹೊಡೆಯುತ್ತದೆ. ಬೆಲೆಗಳು ವರ್ಷಕ್ಕೆ ಶೇ 6 ಏರುತ್ತಿದ್ದರೆ, ಸುಮ್ಮನೆ ಇಟ್ಟ ನೋಟಿನ ಕಿಮ್ಮತ್ತು 12 ವರ್ಷದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಕೂಡಿಡುವ ಜಾಗವನ್ನೂ ನೋಡಿ ಆರಿಸಿ.

ಬಾಡಿಗೆ ಆದಾಯ ಶೇ 5 ಎಂದು ಮಾರುವವರು ಹೇಳುತ್ತಿದ್ದಾರೆ. ನಂಬಬಹುದೇ?

ನಂಬುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ಮನೆಯ ಬೆಲೆ 1,000 ಎಂದಿಟ್ಟುಕೊಳ್ಳೋಣ, ಯಾವ ಹಣವಾದರೂ ಆಗಲಿ. ವರ್ಷದ ಬಾಡಿಗೆ 50. ಇದೇ ಅವರು ಹೇಳಿದ ಶೇ 5.

ಈಗ ಕಳೆಯುತ್ತ ಹೋಗಿ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದರೆ 4 ಹೋಯಿತು. ಬಣ್ಣ, ಕೊಳಾಯಿ, ಸೋರುವ ತಾರಸಿ, ಕೆಟ್ಟ ಮೋಟಾರು ಎಂದು 6. ತೆರಿಗೆ ಮತ್ತು ವಿಮೆಗೆ 4. ಬಾಡಿಗೆದಾರರನ್ನು ಹುಡುಕಿಕೊಡುವವರಿಗೆ, ಮೇಲ್ವಿಚಾರಣೆಗೆ 3. ಉಳಿದದ್ದು 33. ಇನ್ನು ಕೊಂಡದ್ದು 1,000ಕ್ಕೆ ಅಂದುಕೊಂಡಿದ್ದೀರಿ. ನೋಂದಣಿ, ಮುದ್ರಾಂಕ ಶುಲ್ಕ, ದಲ್ಲಾಳಿ, ವಕೀಲರು, ಮೊದಲ ರಿಪೇರಿ ಎಲ್ಲ ಸೇರಿ ಇನ್ನೂ 80 ಕೈಬಿಟ್ಟಿರುತ್ತದೆ. 1,080ಕ್ಕೆ 33 ಅಂದರೆ ಶೇ 3ರ ಆಸುಪಾಸು.

ಶೇ 5 ಹೋಗಿ ಶೇ 3 ಆಯಿತು. ಯಾರೂ ಸುಳ್ಳು ಹೇಳಲಿಲ್ಲ, ಅರ್ಧ ಲೆಕ್ಕ ಹೇಳಿದರು ಅಷ್ಟೆ. ನಿಮ್ಮ ಊರಿನಲ್ಲಿ ಅಂಕಿಗಳು ಬೇರೆ ಇರಬಹುದು, ಕಳೆಯಬೇಕಾದ ಸಾಲುಗಳು ಮಾತ್ರ ಇವೇ. ಮನೆ ನೋಡಲು ಹೋಗುವಾಗ ಈ ಕಾಗದ ಜೇಬಿನಲ್ಲಿರಲಿ, ಖಾಲಿ ಜಾಗಗಳನ್ನು ಅಲ್ಲೇ ತುಂಬಿಸಿ.

ಇದನ್ನೇ ಸಾಲ ಮಾಡಿ ಕೊಂಡರೆ?

ಇಡೀ ಪುಟದಲ್ಲಿ ಒಂದೇ ಉತ್ತರ ಓದಲು ಹೊತ್ತಿದ್ದರೆ ಇದನ್ನು ಓದಿ.

ಶೇ 9ರ ಬಡ್ಡಿಗೆ 20 ವರ್ಷದ ಸಾಲ ಎಂದಿಟ್ಟುಕೊಳ್ಳಿ. 1,000ದ ಮನೆಗೆ 800 ಸಾಲ ತೆಗೆದರೆ ವರ್ಷದ ಕಂತು ಸುಮಾರು 86. ಕೈಗೆ ಬರುವ ಬಾಡಿಗೆ 33. ಉಳಿದ 53ನ್ನು ನೀವು ಪ್ರತಿ ವರ್ಷ ಸಂಬಳದಿಂದ ತುಂಬಬೇಕು. 500 ಸಾಲ ತೆಗೆದರೆ ಕಂತು 54, ಜೇಬಿನಿಂದ 21. 300 ಮಾತ್ರ ಸಾಲ ತೆಗೆದರೆ ಕಂತು ಸುಮಾರು 32 ಆಗುತ್ತದೆ, ಬಾಡಿಗೆ ಅದನ್ನು ಕಟ್ಟಿಕೊಂಡು ಹೋಗುತ್ತದೆ. ಅಂದರೆ ಈ ಮನೆ ತನ್ನ ಕಾಲ ಮೇಲೆ ತಾನು ನಿಲ್ಲುವುದು ಶೇ 30ರ ಸಾಲದಲ್ಲಿ. ಅದಕ್ಕಿಂತ ಹೆಚ್ಚಿನ ಸಾಲವನ್ನೆಲ್ಲ ಹೊರುವುದು ನಿಮ್ಮ ಉದ್ಯೋಗ.

ಶೇ 80ರ ಸಾಲ ಮಾಡಿದವರು ಯಾವುದರ ಮೇಲೆ ಪಣ ಕಟ್ಟಿದ್ದಾರೆ ನೋಡಿ. ಮೊದಲ ವರ್ಷದ ಬಡ್ಡಿಯೇ ಸುಮಾರು 71. ಬಾಡಿಗೆಯ 33 ಕಳೆದರೆ 38 ನಿವ್ವಳ ಖರ್ಚು. ಮನೆಯ ಬೆಲೆ ವರ್ಷಕ್ಕೆ ಶೇ 4ರಷ್ಟು ಏರಿದರೆ ಈ ಖರ್ಚಿಗೆ ಸರಿಹೋಗುತ್ತದೆ. ನೀವು ಕೈಯಿಂದ ಹಾಕಿದ 280 (ಬೆಲೆಯಲ್ಲಿ 200, ಕೊಳ್ಳುವ ಖರ್ಚು 80) ಬೇರೆ ಕಡೆ ಇದ್ದಿದ್ದರೆ ಅದೂ ದುಡಿಯುತ್ತಿತ್ತು, ಅದನ್ನೂ ಸೇರಿಸಿದರೆ ಶೇ 5ಕ್ಕಿಂತ ಮೇಲೆ ಏರಬೇಕು. ಅದರಾಚೆ ಏರಿದ್ದು ಮಾತ್ರ ಲಾಭ. ಏರಬಾರದೆಂದೇನಿಲ್ಲ. ಆದರೆ ಪಣ ಕಟ್ಟಿದ್ದೇನೆ ಎಂದು ಗೊತ್ತಿದ್ದು ಕಟ್ಟುವುದು ಬೇರೆ, ಗೊತ್ತಿಲ್ಲದೆ ಕಟ್ಟುವುದು ಬೇರೆ.

ಸಾಲ ಲಾಭವನ್ನು ದೊಡ್ಡದು ಮಾಡುವುದು ನಿಜ. ನಿಮ್ಮ 20, ಬ್ಯಾಂಕಿನ 80 ಹಾಕಿ ಕೊಂಡದ್ದರ ಬೆಲೆ ಶೇ 10 ಏರಿದರೆ ನಿಮ್ಮ 20 ಈಗ 30. ಶೇ 50ರ ಗಳಿಕೆ! ಜನ ಹೇಳಿಕೊಳ್ಳುವುದು ಈ ಅರ್ಧವನ್ನು ಮಾತ್ರ. ಶೇ 10 ಇಳಿದರೆ ನಿಮ್ಮ ಹಣದಲ್ಲಿ ಅರ್ಧ ಹೋಯಿತು, ಶೇ 20 ಇಳಿದರೆ ಪೂರ್ತಿ ಹೋಯಿತು. ಇಳಿದ ಬೆಲೆ ಕಾಗದದ ಮೇಲಿನ ನಷ್ಟ. ಅದೇ ವರ್ಷ ಕೆಲಸವೂ ಹೋಗಿ ಕಂತು ನಿಂತರೆ ಅದು ನಿಜವಾದ ನಷ್ಟವಾಗುತ್ತದೆ. ಈ ಎರಡೂ ಒಟ್ಟಿಗೇ ಬರುವುದುಂಟು, ಏಕೆಂದರೆ ಉದ್ಯೋಗ ಕಳೆಯುವ ಹಿಂಜರಿತವೇ ಮನೆಗಳ ಬೆಲೆಯನ್ನೂ ಇಳಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುವ ಹಿರಿಯರ ಮಾತು ಸಾಲಕ್ಕೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪುವುದಿಲ್ಲ.

ನನ್ನ ಸಲಹೆ ಇದು. ಬಾಡಿಗೆಯೇ ಬಾರದಿದ್ದರೂ ಆರು ತಿಂಗಳ ಕಂತು ಕಟ್ಟುವಷ್ಟು ಹಣ, ಮನೆಖರ್ಚಿನ ಆರು ತಿಂಗಳ ಹಣದಿಂದ ಬೇರೆಯಾಗಿ, ಕೊಳ್ಳುವ ದಿನವೇ ಕೈಯಲ್ಲಿರಬೇಕು. ಅದು ಇಲ್ಲದಿದ್ದರೆ ಆ ಮನೆ ನಿಮ್ಮದಲ್ಲ ಎಂದುಕೊಂಡು ಒಂದು ವರ್ಷ ತಡೆಯಿರಿ.

ಹತ್ತು ವರ್ಷ ಕಂತು ಕಟ್ಟಿದ್ದೇನೆ. ಅರ್ಧ ಸಾಲ ತೀರಿರಬೇಕಲ್ಲ?

ಇಲ್ಲ. ಶೇ 9ರ ಇಪ್ಪತ್ತು ವರ್ಷದ ಸಾಲದಲ್ಲಿ ಅರ್ಧ ಅವಧಿ ಮುಗಿದಾಗಲೂ ಶೇ 71ರಷ್ಟು ಅಸಲು ಬಾಕಿ ಇರುತ್ತದೆ. ಮೊದಲ ಕಂತನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. 1,00,000 ಸಾಲಕ್ಕೆ ತಿಂಗಳ ಕಂತು ಸುಮಾರು 900. ಅದರಲ್ಲಿ 750 ಬಡ್ಡಿಗೇ ಹೋಗುತ್ತದೆ, ಅಸಲಿಗೆ ತಲುಪುವುದು 150. ಕೊನೆಗೆ ಕಟ್ಟಿದ್ದನ್ನೆಲ್ಲ ಕೂಡಿಸಿದರೆ ತೆಗೆದ ಸಾಲದ ಎರಡರಷ್ಟಕ್ಕಿಂತ ಹೆಚ್ಚು.

ದಾರಿಯೂ ಇಲ್ಲೇ ಇದೆ. ವರ್ಷಕ್ಕೆ ಒಂದು ಕಂತಿನಷ್ಟು ಹೆಚ್ಚುವರಿ ಹಣವನ್ನು ನೇರ ಅಸಲಿಗೆ ಕಟ್ಟುತ್ತ ಹೋದರೆ ಇದೇ ಸಾಲ ಮೂರೂವರೆ ವರ್ಷ ಬೇಗ ತೀರುತ್ತದೆ. ಶುರುವಿನ ವರ್ಷಗಳಲ್ಲಿ ಕಟ್ಟಿದ್ದಕ್ಕೆ ಬಲ ಹೆಚ್ಚು. ಮುಂಚಿತವಾಗಿ ಕಟ್ಟಿದರೆ ದಂಡ ಇದೆಯೇ ಎಂದು ಸಾಲದ ಪತ್ರದಲ್ಲಿ ಓದಿಕೊಳ್ಳಿ, ಬಾಯಿಮಾತು ನಂಬಬೇಡಿ.

ಬಡ್ಡಿ ದರ ಬದಲಾಗುವ ಸಾಲವೋ, ಬದಲಾಗದ್ದೋ?

ಬದಲಾಗುವ ದರವಾದರೆ ಈಗಿನ ಕಂತು ನೋಡಿ ನಿರ್ಧರಿಸಬೇಡಿ. ಶೇ 9 ಇದ್ದದ್ದು ಶೇ 11 ಆದರೆ ಇಪ್ಪತ್ತು ವರ್ಷದ ಸಾಲದ ಕಂತು ಸುಮಾರು ಶೇ 15 ಏರುತ್ತದೆ. ಬ್ರಿಟನ್ನಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್‌ನ ದರ 2021ರ ಡಿಸೆಂಬರ್ ಶುರುವಿನಲ್ಲಿ ಶೇ 0.1 ಇತ್ತು, 2023ರ ಆಗಸ್ಟ್ ಹೊತ್ತಿಗೆ ಶೇ 5.25. ಎರಡು ವರ್ಷವೂ ಹಿಡಿಯಲಿಲ್ಲ. ದರ ಎರಡು ಶೇಕಡಾ ಅಂಶ ಏರಿದರೂ ಕಟ್ಟಬಲ್ಲೆನೇ ಎಂದು ಕೇಳಿಕೊಳ್ಳಿ. ಉತ್ತರ ತೊದಲಿದರೆ ಸಾಲ ಕಡಿಮೆ ಮಾಡಿ.

ಭೂಮಿಯ ಬೆಲೆ ಎಂದೂ ಇಳಿಯುವುದಿಲ್ಲವಂತೆ, ನಿಜವೇ?

ಜಪಾನಿನಲ್ಲೂ ಜನ ಹಾಗೆಯೇ ನಂಬಿದ್ದರು. 1991ರ ಶಿಖರದಿಂದ ಅಲ್ಲಿನ ಆರು ಮಹಾನಗರಗಳ ವಾಣಿಜ್ಯ ಜಾಗದ ಬೆಲೆ ಮುಂದಿನ ದಶಕದ ನಡುವಿಗೆ ಬರುವಷ್ಟರಲ್ಲಿ ಶೇ 80ಕ್ಕೂ ಹೆಚ್ಚು ಕುಸಿದಿತ್ತು. ಅಮೆರಿಕದಲ್ಲಿ ಮನೆಗಳ ಬೆಲೆ 2006ರಿಂದ 2012ರ ನಡುವೆ ಸರಾಸರಿ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು. ಆದರೆ ಆ ದೇಶದ ಸರಾಸರಿ ಬೆಲೆ 2016ರ ಕೊನೆಗೆ ಹಳೆಯ ಎತ್ತರವನ್ನು ಮತ್ತೆ ಮುಟ್ಟಿತು ಎಂಬುದನ್ನೂ ಸೇರಿಸಿ ಓದಬೇಕು. ಹತ್ತು ವರ್ಷ ಕಂತು ತಪ್ಪಿಸದೆ ಹಿಡಿದುಕೊಳ್ಳಬಲ್ಲವರಿಗೆ ಅದು ಕೆಟ್ಟ ಕಾಲ, ಹಿಡಿದುಕೊಳ್ಳಲಾಗದೆ ಮನೆ ಬಿಟ್ಟವರಿಗೆ ಸರ್ವನಾಶ. ಕೊಂಡ ಮನೆ ಒಂದೇ ಬೀದಿಯದ್ದಾಗಿದ್ದರೂ ಇಷ್ಟು ವ್ಯತ್ಯಾಸ.

ಇನ್ನೂ ಉದ್ದದ ಕಾಲವನ್ನು ನೋಡಬೇಕೆಂದರೆ ಆಮ್‌ಸ್ಟರ್‌ಡ್ಯಾಮಿಗೆ ಹೋಗಬೇಕು. ಅಲ್ಲಿನ ಹೆರೆನ್‌ಗ್ರಾಕ್ಟ್ ಕಾಲುವೆಯ ದಂಡೆಯ ಮನೆಗಳ ಮಾರಾಟದ ಬೆಲೆಗಳನ್ನು ಪೀಟ್ ಐಕ್‌ಹೋಲ್ಟ್ಸ್ ಎಂಬ ಅರ್ಥಶಾಸ್ತ್ರಜ್ಞ 1628ರಿಂದ 1973ರವರೆಗೆ ಜೋಡಿಸಿದರು. ನಗರದ ಅತ್ಯಂತ ಪ್ರತಿಷ್ಠಿತ ವಿಳಾಸ ಅದು. ಹಣದುಬ್ಬರ ಕಳೆದರೆ ಸುಮಾರು ಮೂರೂವರೆ ಶತಮಾನದಲ್ಲಿ ಅಲ್ಲಿನ ಬೆಲೆ ಎರಡರಷ್ಟಾಯಿತು, ಅಷ್ಟೇ.

ಹಾಗಾದರೆ ಆಸ್ತಿಯಿಂದ ಶ್ರೀಮಂತರಾದವರು ಹೇಗಾದರು? ಅರ್ಥಶಾಸ್ತ್ರಜ್ಞ ಆಸ್ಕರ್ ಜೋರ್ದಾ ಮತ್ತು ಸಂಗಡಿಗರು 16 ಮುಂದುವರಿದ ದೇಶಗಳ 1870ರಿಂದ 2015ರವರೆಗಿನ ಅಂಕಿಅಂಶ ಕಲೆಹಾಕಿದಾಗ, ಹಣದುಬ್ಬರ ಕಳೆದು ವಸತಿ ಆಸ್ತಿ ವರ್ಷಕ್ಕೆ ಸರಾಸರಿ ಶೇ 7ರಷ್ಟು ಕೊಟ್ಟದ್ದು ಕಂಡಿತು. ಷೇರುಗಳಿಗೆ ಸರಿಸಮ. ಅದರಲ್ಲಿ ದೊಡ್ಡ ಪಾಲು ಬಾಡಿಗೆಯದ್ದು, ಬೆಲೆ ಏರಿಕೆಯದ್ದು ಚಿಕ್ಕ ಪಾಲು. ಇದು ಇಡೀ ದೇಶಗಳ ಸರಾಸರಿ, ನಿಮ್ಮ ಒಂದು ಮನೆಗೆ ಸಿಗುವ ಭರವಸೆಯಲ್ಲ. ಆದರೂ ದಿಕ್ಕು ಸ್ಪಷ್ಟವಾಗಿದೆ. "ಎಷ್ಟಕ್ಕೆ ಏರುತ್ತದೆ" ಅನ್ನುವುದಕ್ಕಿಂತ ಮೊದಲು "ಎಷ್ಟು ಬಾಡಿಗೆ ಉಳಿಯುತ್ತದೆ" ಎಂದು ಕೇಳಬೇಕು.

ಖಾಲಿ ನಿವೇಶನ ಒಳ್ಳೆಯದೋ, ಕಟ್ಟಿದ ಮನೆಯೋ?

ಕಾಲ ಕಳೆದಂತೆ ಕಟ್ಟಡ ಸವೆಯುತ್ತದೆ, ಬೆಲೆ ಏರುವುದಿದ್ದರೆ ಅದರ ಕೆಳಗಿನ ನೆಲಕ್ಕೆ. ಆ ಮಟ್ಟಿಗೆ ನಿವೇಶನದ ಪರ ಮಾತು ಸರಿ. ಆದರೆ ಖಾಲಿ ನಿವೇಶನ ತಿಂಗಳಿಗೆ ಏನೂ ತರುವುದಿಲ್ಲ, ತೆರಿಗೆ ಕೇಳುತ್ತದೆ, ಒತ್ತುವರಿ ಆಗದಂತೆ ಕಾಯಬೇಕು. ಸಾಲ ಮಾಡಿ ನಿವೇಶನ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಉಳಿತಾಯದಿಂದ ಕೊಂಡು ಹದಿನೈದು ವರ್ಷ ಮರೆತುಬಿಡಬಲ್ಲವರಿಗೆ ಅದು ಸರಿ.

ಜಾಗ ಆರಿಸುವುದು ಹೇಗೆ?

ಎರಡು ಪ್ರಶ್ನೆ ಕೇಳಿ. ಇಲ್ಲಿ ಬಾಡಿಗೆಗೆ ಇರಲು ಜನ ಏಕೆ ಬರುತ್ತಾರೆ? ಇದೇ ರೀತಿಯ ಇನ್ನಷ್ಟು ಮನೆ ಕಟ್ಟಲು ಸುತ್ತ ಎಷ್ಟು ಜಾಗ ಇದೆ?

ಮೊದಲನೆಯದಕ್ಕೆ ಒಂದೇ ಕಾರಣ ಸಿಕ್ಕರೆ, ಉದಾಹರಣೆಗೆ ಒಂದೇ ಒಂದು ದೊಡ್ಡ ಕಾರ್ಖಾನೆ, ಎಚ್ಚರ. ಆಸ್ಪತ್ರೆ, ಕಾಲೇಜು, ಬೇರೆ ಬೇರೆ ಬಗೆಯ ಕಚೇರಿಗಳು ಕೂಡಿದ್ದರೆ ಒಂದು ಮುಚ್ಚಿದರೂ ಮನೆ ಖಾಲಿ ಬೀಳುವುದಿಲ್ಲ. ಎರಡನೆಯದನ್ನು ಬಹಳ ಮಂದಿ ಕೇಳುವುದೇ ಇಲ್ಲ. ಮೂರು ಕಡೆ ನೀರಿರುವ ಸ್ಯಾನ್ ಫ್ರಾನ್ಸಿಸ್ಕೊದಂಥ ನಗರದಲ್ಲಿ ಬೇಡಿಕೆ ಏರಿದರೆ ಬೆಲೆ ಏರಲೇಬೇಕು, ಹೊಸ ನೆಲ ಎಲ್ಲಿಂದ ಬರಬೇಕು? ಸುತ್ತಲೂ ಬಯಲೇ ಇರುವ ಬಡಾವಣೆಯಲ್ಲಿ ಬೇಡಿಕೆ ಬಂದರೆ ಪಕ್ಕದಲ್ಲಿ ಇನ್ನೊಂದು ಬಡಾವಣೆ ಏಳುತ್ತದೆ, ನಿಮ್ಮ ಮನೆ ಅದಕ್ಕಿಂತ ಹಳೆಯದಾಗುತ್ತದೆ.

ಮುಂದೆ ರೈಲು ಬರುತ್ತದೆ, ಹೆದ್ದಾರಿ ಬರುತ್ತದೆ ಎಂಬ ಸುದ್ದಿಯನ್ನು ನಂಬಿ ಕೊಳ್ಳುವವರಿಗೆ ಒಂದೇ ಮಾತು: ಆ ಸುದ್ದಿಯ ಬೆಲೆಯನ್ನು ಮಾರುವವರು ಈಗಾಗಲೇ ಸೇರಿಸಿಕೊಂಡಿರುತ್ತಾರೆ.

ಮನೆ ನೋಡಲು ಹೋದಾಗ ಏನೇನು ಗಮನಿಸಬೇಕು?

ಸಾಧ್ಯವಾದರೆ ಮಳೆ ಬಂದ ಮರುದಿನ ಹೋಗಿ. ಚಾವಣಿಯ ಮೂಲೆಗಳಲ್ಲಿ ಹಳದಿ ಕಲೆ ಇದೆಯೇ ನೋಡಿ. ಬಚ್ಚಲುಮನೆಯ ಗೋಡೆಯನ್ನು ಆಚೆ ಕಡೆಯಿಂದ, ಅಂದರೆ ಪಕ್ಕದ ಕೋಣೆಯಿಂದ ಮುಟ್ಟಿ ನೋಡಿ. ತಣ್ಣಗಿದ್ದು ಬಣ್ಣ ಉಬ್ಬಿದ್ದರೆ ಒಳಗೆ ಪೈಪು ಸೋರುತ್ತಿರಬಹುದು. ಇಡೀ ಮನೆ ಹಳೆಯ ಬಣ್ಣದಲ್ಲಿದ್ದು ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ, ಅದನ್ನು ಏಕೆ ಬಳಿದರು ಎಂದು ಕೇಳಿ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿ ನೀರಿನ ರಭಸ ನೋಡಿ, ಸಿಂಕಿನ ಕೆಳಗಿನ ಬಾಗಿಲು ತೆಗೆದು ಬಗ್ಗಿ ನೋಡಿ. ಬಾಗಿಲು ಕಿಟಕಿಗಳನ್ನು ಮುಚ್ಚಿ ತೆರೆಯಿರಿ. ಹೊಸ್ತಿಲಿಗೆ ತಾಗುತ್ತಿದ್ದರೆ ಮರ ಉಬ್ಬಿರಬಹುದು, ಕಟ್ಟಡವೇ ಕುಸಿದಿರಲೂಬಹುದು.

ಅದೇ ಮನೆಗೆ ರಾತ್ರಿ ಹತ್ತಕ್ಕೆ ಇನ್ನೊಮ್ಮೆ ಹೋಗಿ. ಬೀದಿಯ ಸದ್ದು, ಬೆಳಕು, ಗಾಡಿ ನಿಲ್ಲಿಸುವ ಜಾಗ ಆಗ ತಿಳಿಯುತ್ತದೆ. ಪಕ್ಕದ ಮನೆಯವರನ್ನು ಮಾತಾಡಿಸಿ. ನೀರು ಹೇಗೆ, ಈ ಮನೆ ಎಷ್ಟು ದಿನದಿಂದ ಖಾಲಿ, ಹಿಂದಿನವರು ಏಕೆ ಬಿಟ್ಟರು ಎಂದು ಕೇಳಿದರೆ ಹತ್ತು ನಿಮಿಷದಲ್ಲಿ ದಲ್ಲಾಳಿ ಹೇಳದ್ದೆಲ್ಲ ಹೇಳಿಬಿಡುತ್ತಾರೆ.

ನೋಂದಣಿ ಆದರೆ ಆಸ್ತಿ ನಮ್ಮದೇ ಆಯಿತಲ್ಲವೇ?

ಯಾವ ದೇಶದಲ್ಲಿದ್ದೀರಿ ಎಂಬುದರ ಮೇಲೆ ಹೋಗುತ್ತದೆ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟಾರೆನ್ಸ್ ತಂದ ಪದ್ಧತಿಯಲ್ಲಿ ಸರ್ಕಾರದ ದಾಖಲೆಯಲ್ಲಿ ಹೆಸರಿದ್ದವರೇ ಒಡೆಯರು, ಅದಕ್ಕೆ ಸರ್ಕಾರದ ಖಾತರಿ ಇರುತ್ತದೆ. ಬೇರೆ ಎಷ್ಟೋ ಕಡೆ ನೋಂದಣಿ ಕಚೇರಿ ಮಾಡುವುದು ವ್ಯವಹಾರವನ್ನು ದಾಖಲಿಸುವ ಕೆಲಸ ಮಾತ್ರ. ಮಾರಿದವರಿಗೆ ಮಾರುವ ಹಕ್ಕಿತ್ತೇ ಎಂದು ಅದು ಹೇಳುವುದಿಲ್ಲ, ಅದನ್ನು ಕೊಳ್ಳುವವರೇ ನೋಡಿಕೊಳ್ಳಬೇಕು.

ಹಾಗಿರುವ ಕಡೆ ಕನಿಷ್ಠ ಮೂರು ದಶಕದ ಕ್ರಯಪತ್ರಗಳ ಸರಪಳಿ ಒಂದೂ ಕೊಂಡಿ ತಪ್ಪದೆ ಕೈಗೆ ಬರಬೇಕು. ಅಡಮಾನ, ಕೋರ್ಟು ಕೇಸು, ಪಾಲುದಾರರ ತಕರಾರು, ಬಾಕಿ ತೆರಿಗೆ ಇದೆಯೇ ನೋಡಬೇಕು. ಕಟ್ಟಡಕ್ಕೆ ಮಂಜೂರಾದ ನಕ್ಷೆಯನ್ನೂ ಕಟ್ಟಿರುವುದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಮಾಲೀಕರು ತೀರಿಕೊಂಡು ಮಕ್ಕಳು ಮಾರುತ್ತಿದ್ದರೆ ಎಲ್ಲ ವಾರಸುದಾರರ ಸಹಿ ಬೇಕು, ಮದುವೆಯಾಗಿ ದೂರ ಹೋದ ಮಗಳದ್ದೂ ಸೇರಿ. ವಕೀಲರು ನಿಮ್ಮವರಾಗಿರಲಿ, ಮಾರುವವರು ತೋರಿಸಿದವರಲ್ಲ. ಆ ಶುಲ್ಕದಲ್ಲಿ ಉಳಿಸಲು ಹೋಗಬೇಡಿ. ಆಸ್ತಿಯ ಮೇಲೆ ದಾವೆ ಬಿದ್ದರೆ ಬಾಡಿಗೆ ಲೆಕ್ಕ, ಬೆಲೆ ಏರಿಕೆ ಎಲ್ಲ ಒಂದೇ ಏಟಿಗೆ ಸೊನ್ನೆ.

ಕಟ್ಟುತ್ತಿರುವ ಫ್ಲ್ಯಾಟ್ ಅಗ್ಗಕ್ಕೆ ಸಿಗುತ್ತದೆ. ಕೊಳ್ಳಲೇ?

ಅಗ್ಗ ಏಕೆ ಎಂದರೆ ಮನೆ ಮುಗಿಯದಿರುವ ಅಪಾಯವನ್ನು ನೀವು ಹೊರುತ್ತೀರಿ. ಚೀನಾದ ಬೃಹತ್ ಕಟ್ಟಡ ಕಂಪನಿ ಎವರ್‌ಗ್ರ್ಯಾಂಡ್ 2021ರಲ್ಲಿ ಸಾಲ ತೀರಿಸಲಾಗದೆ ಕುಸಿಯಿತು, 2024ರ ಜನವರಿಯಲ್ಲಿ ಹಾಂಗ್‌ಕಾಂಗ್ ನ್ಯಾಯಾಲಯ ಅದನ್ನು ಮುಚ್ಚಿ ಆಸ್ತಿ ವಿಲೇವಾರಿ ಮಾಡಲು ಆದೇಶಿಸಿತು. ಬೇರೆ ಬೇರೆ ಕಂಪನಿಗಳ ಅರ್ಧ ನಿಂತ ಕಟ್ಟಡಗಳಲ್ಲಿ ಮನೆ ಕೊಂಡಿದ್ದವರು 2022ರಲ್ಲಿ ಅಲ್ಲಿನ ಹಲವು ನಗರಗಳಲ್ಲಿ ಇನ್ನು ಕಂತು ಕಟ್ಟುವುದಿಲ್ಲ ಎಂದು ಎದ್ದು ನಿಂತರು. ಇರುವ ಮನೆಯ ಬಾಡಿಗೆ, ಬಾರದ ಮನೆಯ ಕಂತು ಎರಡನ್ನೂ ಒಟ್ಟಿಗೆ ಕಟ್ಟುವ ಸಂಕಟ ಯಾರಿಗೂ ಬೇಡ. ಕೊಳ್ಳಲೇಬೇಕೆಂದರೆ ಆ ಕಟ್ಟುವವರು ಹಿಂದೆ ಮುಗಿಸಿದ ಕಟ್ಟಡಕ್ಕೆ ಹೋಗಿ ಅಲ್ಲಿರುವವರನ್ನು ಕೇಳಿ. ಹಣವನ್ನು ಕೆಲಸ ಮುಗಿದ ಹಂತಕ್ಕೆ ತಕ್ಕಂತೆ ಮಾತ್ರ ಕೊಡಿ.

ಬಾಡಿಗೆದಾರರ ಕಾಟ ಹೇಗೆ ತಪ್ಪಿಸುವುದು?

ಈ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ಒಳ್ಳೆಯ ಬಾಡಿಗೆದಾರರು ಬಿಟ್ಟು ಹೋಗದಂತೆ ಏನು ಮಾಡಬೇಕು? ಒಂದು ತಿಂಗಳು ಮನೆ ಖಾಲಿ ಬಿದ್ದರೆ ವರ್ಷದ ಬಾಡಿಗೆಯಲ್ಲಿ ಶೇ 8ಕ್ಕಿಂತ ಹೆಚ್ಚು ಹೋಗುತ್ತದೆ. ಬಾಡಿಗೆ ಶೇ 5 ಏರಿಸಲು ಹೋಗಿ ಇದ್ದವರು ಖಾಲಿ ಮಾಡಿದರೆ ಆ ವರ್ಷ ನಿಮಗೇ ನಷ್ಟ, ಹೊಸಬರಿಗಾಗಿ ಬಳಿಯುವ ಬಣ್ಣದ ಖರ್ಚು ಬೇರೆ.

ಸೋರುವ ನಲ್ಲಿಯನ್ನು ಕರೆ ಬಂದ ವಾರದಲ್ಲೇ ಸರಿ ಮಾಡಿಸಿ. ಬಾಡಿಗೆ ಏರಿಕೆ ಎಷ್ಟು, ಯಾವಾಗ ಎಂದು ಕರಾರುಪತ್ರದಲ್ಲೇ ಬರೆಯಿರಿ. ಠೇವಣಿಯನ್ನು ಖರ್ಚು ಮಾಡದೆ ಬೇರೆ ಖಾತೆಯಲ್ಲಿಡಿ, ಅವರು ಹೊರಡುವ ದಿನ ಲೆಕ್ಕ ಒಪ್ಪಿಸಿ ಹಿಂದಿರುಗಿಸಿ. ಅದು ಅವರ ಹಣ, ನಿಮ್ಮದಲ್ಲ. ಜಾತಿ, ಧರ್ಮ, ಒಂಟಿ ಹೆಣ್ಣು ಎಂದು ನೋಡಿ ಮನೆ ಇಲ್ಲವೆನ್ನಬೇಡಿ, ಕಟ್ಟುವ ಸಾಮರ್ಥ್ಯ ಮತ್ತು ಹಿಂದಿನ ಮಾಲೀಕರ ಮಾತು ನೋಡಿ. ಉನ್ನತ ಗುರಿ ಅನ್ನುವುದಕ್ಕೆ ಅರ್ಥ ಇರಬೇಕಾದರೆ ಅದು ಇಲ್ಲಿ ಕಾಣಬೇಕು. ನಿಮ್ಮ ಹೂಡಿಕೆಯೊಳಗೆ ಒಂದು ಸಂಸಾರ ಬದುಕುತ್ತಿದೆ.

ದೊಡ್ಡ ಮೊತ್ತವಿಲ್ಲದೆ ಆಸ್ತಿಯಲ್ಲಿ ಹೂಡಲು ದಾರಿ ಇದೆಯೇ?

ಇದೆ. ರೀಟ್ ಎಂಬ ಟ್ರಸ್ಟುಗಳು ಕಚೇರಿ, ಮಳಿಗೆ, ಗೋದಾಮುಗಳನ್ನು ಕೊಂಡು ಬಾಡಿಗೆಯನ್ನು ಹೂಡಿಕೆದಾರರಿಗೆ ಹಂಚುತ್ತವೆ. ಅಮೆರಿಕದಲ್ಲಿ 1960ರ ಕಾನೂನಿನಿಂದ ಶುರುವಾದದ್ದು ಈಗ ನಲವತ್ತು ದೇಶಗಳ ಆಸುಪಾಸಿನಲ್ಲಿದೆ. ಅಮೆರಿಕದ ನಿಯಮದಂತೆ ತೆರಿಗೆಗೆ ಒಳಪಡುವ ಆದಾಯದ ಕನಿಷ್ಠ ಶೇ 90ನ್ನು ಹಂಚಬೇಕು. ಷೇರಿನಂತೆ ಕೊಂಡು ಮಾರಬಹುದು, ಷೇರಿನಂತೆಯೇ ಬೆಲೆ ಏರಿಳಿಯುತ್ತದೆ. ಕಲಿಯಲು ಒಳ್ಳೆಯ ಮೊದಲ ಮೆಟ್ಟಿಲು.

ನಾನೇ ವಾಸ ಮಾಡುವ ಮನೆ ಹೂಡಿಕೆಯೇ?

ಅರ್ಧ ಹೂಡಿಕೆ, ಅರ್ಧ ನೆಮ್ಮದಿ. ಹಣದ ದೃಷ್ಟಿಯಿಂದ ಮಾತ್ರ ನೋಡುವುದಾದರೆ, ಅಂಥದ್ದೇ ಮನೆಯ ವರ್ಷದ ಬಾಡಿಗೆಯಿಂದ ಬೆಲೆಯನ್ನು ಭಾಗಿಸಿ. ಉತ್ತರ 15ರ ಒಳಗಿದ್ದರೆ ಕೊಳ್ಳುವುದು ಲಾಭ, 25 ದಾಟಿದರೆ ಬಾಡಿಗೆಗಿದ್ದು ಉಳಿದದ್ದನ್ನು ಬೇರೆ ಕಡೆ ಹೂಡುವುದು ಲಾಭ ಎಂಬುದು ಒರಟು ಲೆಕ್ಕ. ನಡುವೆ ಬಂದರೆ ಎಷ್ಟು ವರ್ಷ ಅಲ್ಲೇ ಇರುತ್ತೀರಿ ಎಂಬುದರ ಮೇಲೆ ನಿರ್ಧರಿಸಿ. ಐದು ವರ್ಷದೊಳಗೆ ಊರು ಬಿಡುವ ಸಾಧ್ಯತೆ ಇದ್ದರೆ ಕೊಳ್ಳಬೇಡಿ, ಕೊಂಡು ಮಾರುವ ಖರ್ಚೇ ಲಾಭ ತಿಂದುಹಾಕುತ್ತದೆ.

ಹಣ ಹಾಕದೆ ಹತ್ತು ಮನೆ ಮಾಡಿಸುತ್ತೇವೆ ಎಂಬ ತರಬೇತಿಗಳಿಗೆ ಸೇರಬಹುದೇ?

ಬೇಡ. ಅವರ ಆದಾಯ ಮನೆಗಳಿಂದ ಬರುತ್ತಿದೆಯೋ ನಿಮ್ಮ ಶುಲ್ಕದಿಂದಲೋ ಎಂದು ಕೇಳಿ. ಸ್ವಂತ ಹಣವೇ ಇಲ್ಲದೆ ಕೊಂಡ ಮನೆಯಲ್ಲಿ ಪೂರ್ತಿ ಸಾಲವೇ ಇರುತ್ತದೆ, ಅದರ ಲೆಕ್ಕ ಮೇಲೆಯೇ ಇದೆ. ಖಚಿತ ಲಾಭದ ಭರವಸೆ, "ಇವತ್ತೇ ಸಹಿ ಮಾಡಿ" ಎಂಬ ಅವಸರ, ನಗದಿನಲ್ಲೇ ಕೊಡಬೇಕೆಂಬ ಒತ್ತಾಯ ಇವುಗಳಲ್ಲಿ ಒಂದು ಕಂಡರೂ ಎದ್ದು ಬನ್ನಿ.

ಕೊಂಡ ಬೆಲೆಗಿಂತ ಈಗ ಕಡಿಮೆ ಇದೆ. ಆ ಬೆಲೆ ಬರುವವರೆಗೆ ಕಾಯಲೇ?

ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಮಾರುಕಟ್ಟೆಗೆ ಗೊತ್ತಿಲ್ಲ. ಬಾಸ್ಟನ್ ನಗರದ 1990ರ ದಶಕದ ಫ್ಲ್ಯಾಟ್ ಮಾರಾಟಗಳನ್ನು ಅರ್ಥಶಾಸ್ತ್ರಜ್ಞರಾದ ಡೇವಿಡ್ ಜೆನಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ ಅಧ್ಯಯನ ಮಾಡಿದಾಗ, ನಷ್ಟದಲ್ಲಿದ್ದವರು ಹೆಚ್ಚು ಬೆಲೆ ಕೇಳಿ ಹೆಚ್ಚು ಕಾಲ ಮಾರಲಾಗದೆ ಕಾದದ್ದು ಕಂಡಿತು. ಹೀಗೆ ಕೇಳಿಕೊಳ್ಳಿ: ಈ ಮೊತ್ತ ಇಂದು ಕೈಯಲ್ಲಿ ನಗದಾಗಿದ್ದಿದ್ದರೆ ಇದೇ ಮನೆಯನ್ನು ಇದೇ ಬೆಲೆಗೆ ಕೊಳ್ಳುತ್ತಿದ್ದೆನೇ? ಹೌದಾದರೆ ಇಟ್ಟುಕೊಳ್ಳಿ. ಇಲ್ಲವಾದರೆ, ಯಾರೂ ಕುತ್ತಿಗೆ ಹಿಡಿಯದ ಕಾಲದಲ್ಲಿ, ನಿಧಾನವಾಗಿ, ಒಳ್ಳೆಯ ಗಿರಾಕಿ ಹುಡುಕಿ ಮಾರಿ.

ಇದೆಲ್ಲ ಮಕ್ಕಳಿಗೆ ಸರಿಯಾಗಿ ತಲುಪಲು ಏನು ಮಾಡಬೇಕು?

ಉಯಿಲು ಬರೆಯಿರಿ, ಆಸ್ತಿ ಒಂದೇ ಇದ್ದರೂ. ಒಡೆಯಲಾಗದ ಒಂದು ಮನೆಯನ್ನು ಮೂವರಿಗೆ ಸಮಪಾಲೆಂದು ಬರೆದರೆ ಜಗಳಕ್ಕೇ ಬರೆದಂತೆ. ಯಾರಿಗೆ ಮನೆ, ಯಾರಿಗೆ ಅದಕ್ಕೆ ಸಮನಾದ ಹಣ ಎಂದು ಗೊತ್ತುಮಾಡಿ, ಬದುಕಿರುವಾಗಲೇ ಎಲ್ಲರನ್ನೂ ಕೂರಿಸಿ ಹೇಳಿ. ಸಾಲ ಬಾಕಿ ಇದ್ದರೆ ಅಷ್ಟು ಮೊತ್ತದ ಟರ್ಮ್ ವಿಮೆ ಇರಲಿ, ಇಲ್ಲದಿದ್ದರೆ ನಿಮ್ಮ ನಂತರ ಮನೆಯವರು ಮಾಡುವ ಮೊದಲ ಕೆಲಸ ಆ ಮನೆ ಮಾರುವುದೇ ಆಗುತ್ತದೆ. ಮೂಲ ಪತ್ರಗಳು ಎಲ್ಲಿವೆ, ಬಾಡಿಗೆದಾರರು ಯಾರು, ಠೇವಣಿ ಎಷ್ಟು, ಸಾಲ ಯಾವ ಬ್ಯಾಂಕಿನಲ್ಲಿ, ತೆರಿಗೆ ಯಾವ ತಿಂಗಳು ಎಂದು ಒಂದು ಹಾಳೆಯಲ್ಲಿ ಬರೆದು ಪತ್ರಗಳ ಜೊತೆಗಿಡಿ. ಗಂಡ ಹೆಂಡತಿ ಇಬ್ಬರಿಗೂ ಅದು ಎಲ್ಲಿದೆ ಎಂದು ಗೊತ್ತಿರಲಿ.